ಗರಡಿಯ ಮಣ್ಣಿಗೆ ಮತ್ತೆ ಇಳಿಯುವ ಮುನ್ನ

೧೯೫೬ರ ಶ್ರಾವಣ, ಎರಡನೆಯ ಸೋಮವಾರ. ಬೆಳಿಗ್ಗೆ ಐದೂವರೆ. ಬೆಟಗೇರಿಯ ನಮ್ಮ ಓಣಿಯ ಗರಡಿ ಮನೆ. ಹಾಜರಿದ್ದವರು ಇಬ್ಬರೇ: ನಾನು, ಮತ್ತು ಅಲ್ಲಿ ಕುಸ್ತಿ ಕಲಿಸುವ ವಸ್ತಾದ ಯಮನಪ್ಪ. ಕೂತು ಎದ್ದು ಇನ್ನೂರು ಬೈಠಕ್ ಮುಗಿಸಿ ಹಿತ್ತಲಿಗೆ ಹೋದೆ. ಮೂತ್ರದಲ್ಲಿ ರಕ್ತ ಬಂತು.

ನೋವಿರಲಿಲ್ಲ.

ನನಗಾಗ ಅರವತ್ತೊಂದು ವರ್ಷ. ಮುಂಡರಗಿಯಲ್ಲೂ ಗದಗಿನಲ್ಲೂ ಗಂಡುಮಕ್ಕಳ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿ, ಡ್ರಿಲ್ ಕಲಿಸಿ, ನಿವೃತ್ತನಾಗಿದ್ದೆ. ನಾನು ಪೈಲವಾನನಲ್ಲ. ಹೇಳಿಕೊಳ್ಳುವಂಥ ಒಂದು ಕುಸ್ತಿಯನ್ನೂ ಗೆದ್ದವನಲ್ಲ. ಆದರೆ ಹದಿನೆಂಟನೆಯ ವಯಸ್ಸಿನಿಂದ ದಿನಾ ಗರಡಿಗೆ ಹೋಗಿ ಮೈ ದಂಡಿಸಿದವನು. ನಾಲ್ಕೂವರೆಗೆ ಏಳುವುದು, ಐದಕ್ಕೆ ಗರಡಿ, ಆರೂವರೆಗೆ ಸ್ನಾನ. ಮಗಳ ಮದುವೆಯ ದಿನವೂ ಇದು ತಪ್ಪಿರಲಿಲ್ಲ.

ಯಮನಪ್ಪನಿಗೆ ಹೇಳಿದೆ.

"ಉಷ್ಣ ಆಗೇತಿ ಮಾಸ್ತರ. ಸಬ್ಜಾ ಬೀಜ ನೆನಿ ಹಾಕಿ ಕುಡೀರಿ" ಎಂದ.

ಕುಡಿದೆ. ಎರಡು ದಿನದಲ್ಲಿ ರಕ್ತ ನಿಂತಿತು. ಉಷ್ಣವೇ ಎಂದು ನಂಬಿದೆ.

ಇಲ್ಲಿ ನನ್ನ ತಪ್ಪನ್ನು ಬರೆಯಬೇಕು. ಅದಕ್ಕೂ ಒಂದು ವರ್ಷ ಮೊದಲಿನಿಂದಲೇ ರಾತ್ರಿ ಮೂತ್ರಕ್ಕೆ ಮೇಲಿಂದ ಮೇಲೆ ಏಳಬೇಕಾಗುತ್ತಿತ್ತು. ಗರಡಿಯಲ್ಲಿ ಬೆಳೆದವನಿಗೆ ಇದರ ಅರ್ಥ ಒಂದೇ: ಲಂಗೋಟಿ ಸಡಿಲಾಗಿದೆ, ಮನಸ್ಸಿನ ಹಿಡಿತವೂ ಸಡಿಲಾಗಿದೆ. ಆದ್ದರಿಂದ ಮಲಗುವಾಗಲೂ ಲಂಗೋಟಿ ಬಿಗಿಯತೊಡಗಿದೆ. ಸಂಜೆ ನಾಲ್ಕರ ಮೇಲೆ ನೀರು ಕುಡಿಯುವುದನ್ನು ಬಿಟ್ಟೆ. ಐವತ್ತು ಬೈಠಕ್ ಹೆಚ್ಚಿಸಿದೆ. ಶಿಸ್ತಿನಿಂದ ಸರಿಹೋಗದ ಕಾಯಿಲೆ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಭಾದ್ರಪದದಲ್ಲಿ ಒಂದು ಬೆಳಿಗ್ಗೆ ಮೂತ್ರ ಪೂರ್ತಿ ಕಟ್ಟಿತು.

ಹೆಂಡತಿ ಶಿವಗಂಗವ್ವ ಟಾಂಗಾ ತರಿಸಿದಳು. ಗದಗಿನ ಡಾಕ್ಟರು ರಬ್ಬರಿನ ಕ್ಯಾಥೆಟರ್ ಹಾಕಿ ಮೂತ್ರ ತೆಗೆದರು. ಜೀವ ಮರಳಿ ಬಂದಂತಾಯಿತು. ಆಮೇಲೆ ಎಲ್ಲವನ್ನೂ ಕೇಳಿದರು. ಲಂಗೋಟಿಯ ಸಂಗತಿ ಹೇಳಿದಾಗ ಪೆನ್ನು ಕೆಳಗಿಟ್ಟರು.

"ಒಳಗ ಬಾಗಲಕ್ಕ ಕಲ್ಲು ಅಡ್ಡ ಬಿದ್ದೈತಿ ಮಾಸ್ತರ. ನೀವು ಹೊರಗಿಂದ ಚಿಲಕ ಹಾಕ್ಕೊಂಡು ಕುಂತಿದ್ರಿ."

ಪ್ರಾಸ್ಟೇಟ್ ಎಂಬ ಗ್ಲ್ಯಾಂಡ್ ಇದೆ, ಅದು ಊದಿ ಮೂತ್ರದ ದಾರಿ ಕಟ್ಟಿದೆ ಎಂದು ಆ ದಿನ ತಿಳಿಯಿತು. ಇಷ್ಟು ವರ್ಷ ಮೈಯನ್ನು ದಿನಾ ದುಡಿಸಿದ್ದೆ. ಅದರಲ್ಲಿ ಹೀಗೊಂದು ವಸ್ತು ಇರುವುದೇ ಗೊತ್ತಿರಲಿಲ್ಲ. ಹುಬ್ಬಳ್ಳಿಗೆ ಚೀಟಿ ಬರೆದುಕೊಟ್ಟರು. ರೈಲಿನಲ್ಲಿ ಹೋದೆವು. ಅಲ್ಲಿಯ ಸರ್ಜನ್ ಬೆರಳು ಹಾಕಿ ಪರೀಕ್ಷೆ ಮಾಡಿದರು, ಎಕ್ಸ್‌ರೇ ತೆಗೆಸಿದರು, ಚೂರು ಮಾಂಸ ತೆಗೆದು ಎಲ್ಲಿಗೋ ಕಳಿಸಿದರು. ಹತ್ತು ದಿನದ ಮೇಲೆ ಕರೆದರು.

ಕ್ಯಾನ್ಸರ್.

"ಇದಕ್ಕ ಗಂಡಸಿನ ರಸಾನ ಆಹಾರ," ಎಂದರು ಸರ್ಜನ್. "ಅದನ್ನ ನಿಲ್ಲಸಬೇಕು. ಅದು ಹುಟ್ಟೂ ಎರಡೂ ಬೀಜ ತೆಗೀಬೇಕಾಕ್ಕೈತಿ. ಆಮ್ಯಾಲೆ ಹೆಣ್ಣಿನ ರಸದ ಗುಳಿಗಿ ಕೊಡ್ತೇವಿ."

ಶಿವಗಂಗವ್ವ ಕೇಳಿದಳು, "ಜೀವ ಉಳೀತೈತೇನ್ರಿ?"

"ಎಷ್ಟು ವರ್ಷ ಅಂತ ಹೇಳಾಕ ಬರೂದಿಲ್ಲವ್ವಾ. ಸದ್ಯಕ್ಕ ಉಳೀತೈತಿ."

"ಹಂಗಾರ ತೆಗೀರಿ."

ನಾನೂ ಅಲ್ಲೇ ಕುಳಿತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಇವತ್ತಿಗೂ ತಿಳಿಯದು. ಗರಡಿಯಲ್ಲಿ ನನಗೆ ಕಲಿಸಿದ ಮೊದಲ ಪಾಠವೇ ವೀರ್ಯ ಕಾಯಬೇಕೆಂಬುದು. ಬಲವೆಲ್ಲ ಅಲ್ಲಿದೆ, ಅದನ್ನು ಕಾಯ್ದವನಿಗೆ ಮಾತ್ರ ಮಣ್ಣಿಗಿಳಿಯುವ ಹಕ್ಕು ಎಂದು ನಾನೇ ಎಷ್ಟೋ ಮಕ್ಕಳಿಗೆ ಹೇಳಿದ್ದೆ. ಈಗ ಅದೇ ಬಲ ರೋಗದ ಆಹಾರ ಎನ್ನುತ್ತಿದ್ದಾರೆ. ಇವೆರಡರಲ್ಲಿ ಯಾವುದು ಖರೆ?

ಅಕ್ಟೋಬರ್ ಕೊನೆಯ ದಿನ ಆಪರೇಶನ್ ಆಯಿತು. ಮರುದಿನ ಕಣ್ಣು ಬಿಟ್ಟಾಗ ರಸ್ತೆಯಲ್ಲಿ ವಾದ್ಯ, ಜೈಕಾರ. ಏನೆಂದು ನರ್ಸನ್ನು ಕೇಳಿದೆ. "ಕನ್ನಡ ನಾಡೆಲ್ಲಾ ಒಂದಾತ್ರೀ ಅಜ್ಜಾರ. ಇವತ್ತಿಂದ ನಾವು ಮೈಸೂರು ರಾಜ್ಯದಾಗ" ಎಂದಳು. ಮುಂಬಯಿ ರಾಜ್ಯದಲ್ಲಿ ಮಲಗಿದವನು ಮೈಸೂರು ರಾಜ್ಯದಲ್ಲಿ ಎದ್ದಿದ್ದೆ. ಈ ದಿನಕ್ಕಾಗಿ ಸಭೆಗಳಲ್ಲಿ ಗಂಟಲು ಹರಿಯುವಂತೆ ಕೂಗಿದವನು ನಾನು. ಆ ದಿನ ಕೂಗಲು ಮೈಯಲ್ಲಿ ತ್ರಾಣವಿರಲಿಲ್ಲ. ಸಂತೋಷವೋ ದುಃಖವೋ ತಿಳಿಯದೆ ಅತ್ತೆ.

ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಸರ್ಜನ್‌ಗೆ ಒಂದೇ ಪ್ರಶ್ನೆ ಕೇಳಿದೆ: ವ್ಯಾಯಾಮ?

"ಬಿಡಬ್ಯಾಡ್ರಿ. ನಡೀರಿ, ಬೈಠಕ್ ಹೊಡೀರಿ. ಭಾರ ಮಾತ್ರ ಎತ್ತಬ್ಯಾಡ್ರಿ, ಎಲುಬಿಗೆ ಪೆಟ್ಟಾದೀತು."

ಮನೆಗೆ ಬಂದು ಮೂರು ವಾರಕ್ಕೆ ಕಳಸಾಪುರದ ರಸ್ತೆಯಲ್ಲಿ ನಡೆಯತೊಡಗಿದೆ. ಮೊದಲು ಅರ್ಧ ಮೈಲು, ಆಮೇಲೆ ಒಂದು. ಬೈಠಕ್ ಹತ್ತರಿಂದ ಶುರು. ಹಿಂದೆ ಮೈ ನೋಯುವುದೆಂದರೆ ನನಗೆ ಸುಖ. ನಿನ್ನೆಯ ಕೆಲಸ ಚೆನ್ನಾಗಿ ಆಯಿತೆಂಬುದಕ್ಕೆ ಸಾಕ್ಷಿ. ಈಗ ಸೊಂಟ ಹಿಡಿದರೆ ಅದು ನಡಿಗೆಯ ನೋವೋ ರೋಗ ಎಲುಬಿಗೆ ಇಳಿದ ನೋವೋ ಗೊತ್ತಾಗುವುದಿಲ್ಲ. ಬೆಳಿಗ್ಗೆ ಧೈರ್ಯ, ಮಧ್ಯಾಹ್ನ ಅನುಮಾನ. ಬೇಸಿಗೆಯಲ್ಲಲ್ಲ, ಮಾರ್ಗಶಿರದ ಚಳಿಯಲ್ಲಿ ಮುಖಕ್ಕೆ ಝಳ ಬಡಿದು ಬೆವರುತ್ತಿತ್ತು. ಗುಳಿಗೆಯಿಂದ ಎದೆ ಉಬ್ಬಿತು. ಮುಟ್ಟಿದರೆ ನೋವು. ಅಂಗಿಯ ಮೇಲೆ ಶಾಲು ಹೊದೆಯತೊಡಗಿದೆ.

ಶಿವಗಂಗವ್ವ ನೋಡಿ ನಕ್ಕಳು. "ಮೂರು ಹಡದೇನಿ, ಎದಿ ಬಿಗದ್ರ ಹೆಂಗಾಕ್ಕೈತಿ ಅಂತ ಒಮ್ಮೆರ ಕೇಳಿದ್ರೇನು? ಈಗ ನಿಮಗ ತಿಳೀತು." ನಕ್ಕವಳೇ ಬಿಸಿನೀರಿನ ಬಟ್ಟೆ ಹಿಂಡಿ ಕೊಟ್ಟಳು.

ಗರಡಿಗೆ ಮಾತ್ರ ಹೋಗಲಿಲ್ಲ. ಅಲ್ಲಿ ಅಂಗಿ ಬಿಚ್ಚಬೇಕು. ಅದಕ್ಕಿಂತ ಹೆಚ್ಚಾಗಿ, ಹಕ್ಕು ಉಳಿದಿದೆಯೋ ಇಲ್ಲವೋ ತಿಳಿಯದು. ಕದ್ದು ಇಳಿಯುವುದು ನನ್ನಿಂದಾಗದು. ಎರಡು ತಿಂಗಳು ಗರಡಿಯ ಮುಂದೆ ಹಾಯುವುದನ್ನೇ ತಪ್ಪಿಸಿ ನಡೆದೆ. ಕೊನೆಗೆ ಯಮನಪ್ಪನ ಮನೆಗೆ ಹೋಗಿ, ಬಾಗಿಲು ಮುಂದೆ ಮಾಡಿಸಿ, ಇದ್ದದ್ದು ಇದ್ದಂತೆ ಹೇಳಿದೆ. ಮಣ್ಣಿಗೆ ಇಳಿಯಬಹುದೋ ಬಾರದೋ ಎಂದು ಕೇಳಿದೆ.

ಅವನು ಮೀಸೆ ತಿರುವಿದ. "ಇಂಥಾ ಪ್ರಶ್ನಿ ನನಗ ಯಾರೂ ಕೇಳಿಲ್ರಿ ಮಾಸ್ತರ. ನಮ್ಮ ವಸ್ತಾದನೂ ಹೇಳಿಕೊಟ್ಟಿಲ್ಲ. ತಡೀರಿ, ವಿಚಾರ ಮಾಡ್ತೇನಿ."

ಎಂಟು ದಿನ ಸುದ್ದಿಯಿಲ್ಲ. ಆ ಎಂಟು ದಿನ ಹುಬ್ಬಳ್ಳಿಯ ಹತ್ತು ದಿನಕ್ಕಿಂತ ಉದ್ದವಾಗಿದ್ದವು.

ಒಂಬತ್ತನೆಯ ದಿನ, ಶನಿವಾರ, ಸಂಜೆ ಐದಕ್ಕೆ ಮನೆಗೆ ಬಂದ. ಕೂಡಲಿಲ್ಲ. ನಿಂತೇ ಹೇಳಿದ.

"ಗರಡ್ಯಾಗ ಕುಂತಾನಲ್ಲ ಹನಮಪ್ಪ, ಅಂವಗ ಹೆಂಡ್ರ ಮಕ್ಕಳು ಅದಾರೇನ್ರಿ? ಇಲ್ಲ. ಹೆಣ್ಣಿನ ಗೊಡವಿಗೆ ಹೋಗದಾವನ ಮುಂದ ನಿಮಗ್ಯಾತರ ನಾಚಿಕಿ? ಮೂರು ಮಕ್ಕಳ ತಂದಿ ಆಗಿ ಇಷ್ಟು ವರ್ಷ ಇಳದ್ರಿ, ಆವಾಗ ಅಂವ ಬ್ಯಾಡ ಅಂದಿಲ್ಲ. ಈಗ ಅಂತಾನೇನು?"

ಅವನ ತರ್ಕ ಸರಿಯೋ ತಪ್ಪೋ ಈಗಲೂ ಹೇಳಲಾರೆ. ವೈದ್ಯರ ಮಾತು ಒಂದು ಕಡೆ, ಕಲಿತ ಪಾಠ ಒಂದು ಕಡೆ, ನಡುವೆ ಈ ಮಾತು. ಆದರೆ ಕಾಲು ಎದ್ದು ನಿಂತಿದ್ದವು.

"ಜಲ್ದಿ ಬರ್ರಿ. ಹುಡುಗರು ಹೋಗ್ಯಾರ, ಗರಡಿ ಖಾಲಿ ಐತಿ."

ಹೋದೆ. ಹನಮಪ್ಪನಿಗೆ ಕೈಮುಗಿದೆ. ಅಂಗಿ ಬಿಚ್ಚಿದೆ. ಯಮನಪ್ಪ ನನ್ನ ಎದೆಯನ್ನು ನೋಡಿದ, ನೋಡಿದ್ದನ್ನು ಮುಚ್ಚಿಡಲಿಲ್ಲ. "ನನ್ನವೂ ಇಳಿಬಿದ್ದಾವ ತಗೋರಿ, ಗುಳಿಗಿ ಇಲ್ಲದನ" ಎಂದು ತನ್ನದನ್ನು ತೋರಿಸಿದ. ಇಬ್ಬರೂ ಮಣ್ಣಿಗಿಳಿದೆವು. ನಲವತ್ತು ಬೈಠಕ್ ಹೊಡೆದೆ. ಮೂವತ್ತಕ್ಕೆ ತೊಡೆ ನಡುಗಿದವು. ನಿಂತು, ಉಸಿರು ತೆಗೆದುಕೊಂಡು, ಉಳಿದದ್ದು ಮುಗಿಸಿದೆ. ಮುಂದಿನ ಎಕ್ಸ್‌ರೇ ಏನು ಹೇಳುತ್ತದೋ ಗೊತ್ತಿಲ್ಲ. ನಲವತ್ತು ಆದದ್ದು ಗೊತ್ತು.

ಯಮನಪ್ಪ ದೀಪದ ಎಣ್ಣೆ ತರಲು ಹೋದ. ನಾನು ಮರುಬೆಳಗಿನ ತಾಲೀಮಿಗೆ ಹಲಗೆ ಎಳೆದು ಮಣ್ಣನ್ನು ಸಮ ಮಾಡಿದೆ. ಒಂದು ಮೂಲೆಯಲ್ಲಿ ನನ್ನ ಹೆಜ್ಜೆ ಉಳಿದಿತ್ತು. ಅದನ್ನೂ ಸಮ ಮಾಡಿ, ಅಂಗಿ ಹಾಕಿಕೊಂಡು, ಕದ ಮುಂದೆ ಎಳೆದೆ.