ಬೇಗ ಬಿಟ್ಟ

ಆಸ್ಪತ್ರೆಯ ಜಗಲಿಯಲ್ಲಿ ಪೊಲೀಸರು ಕೇಳಿದಾಗ ಬಿಜೈಯ ಕುಶಲಾ ಹೇಳಿದ್ದು ಒಂದೇ ಮಾತು: "ಮಗ ಗಾಡಿ ಬೇಗ ಬಿಟ್ಟ." ದೇರಳಕಟ್ಟೆಯ ಕಣ್ಣಿನ ಡಾಕ್ಟರಲ್ಲಿ ಗಂಡ ಸಂಕಪ್ಪನವರಿಗೆ ಟೋಕನ್ ಸಿಗಬೇಕಾದರೆ ಏಳಕ್ಕೆ ಅಲ್ಲಿರಬೇಕು, ಹಾಗಾಗಿ ಆರಕ್ಕೆ ಮೊದಲೇ ಹೊರಟೆವು ಎಂಬುದು ಅವಳ ಅರ್ಥ. ನಂತೂರಿನಲ್ಲಿ ಓಮ್ನಿ ನಿಂತ ಲಾರಿಯ ಹಿಂಬದಿಗೆ ಹೊಡೆದು, ಮುಂದಿನ ಸೀಟಿನಲ್ಲಿದ್ದ ಸಂಕಪ್ಪ ತೀರಿಕೊಂಡಿದ್ದರು. ಹಿಂದೆ ಕೂತಿದ್ದ ಕುಶಲಾಳ ಸೀರೆಯಲ್ಲಿ ಗಾಜಿನ ಚೂರು ಇನ್ನೂ ಇತ್ತು. ಬರೆದುಕೊಂಡವರು ಘಟ್ಟದ ಮೇಲಿನವರು, ಇಲ್ಲಿಯ ಮಾತಿನ ರೂಢಿ ತಿಳಿಯದವರು. ಬರೆದದ್ದನ್ನು ಓದಿ ಹೇಳಿದರೋ ಇಲ್ಲವೋ, ಅವಳಿಗೆ ನೆನಪಿಲ್ಲ. ಅಕ್ಷರ ಜೋಡಿಸಿ ತನ್ನ ಹೆಸರು ಬರೆಯಲು ಬರುತ್ತಿತ್ತು, ಬರೆದಳು.

ಮೂರು ತಿಂಗಳ ಮೇಲೆ ಮಗನ ಪರ ವಕೀಲೆ ಒಲಿವಿಯಾ ಆ ಕಾಗದ ಓದಿ ಹೇಳಿದರು. ‘ನನ್ನ ಮಗ ಶ್ರವಣ್ ವಾಹನವನ್ನು ಅತಿವೇಗ ಹಾಗೂ ನಿರ್ಲಕ್ಷ್ಯತನದಿಂದ ಚಲಾಯಿಸಿ’ ಎಂದಿತ್ತು. ದೂರು ಕೊಟ್ಟವಳು ಕುಶಲಾ, ಆರೋಪಿ ಅವಳ ಮಗ.

ದೂರು ವಾಪಸ್ ತೆಗೆಯುತ್ತೇನೆಂದಳು. ಆಗುವುದಿಲ್ಲವೆಂದರು ಒಲಿವಿಯಾ.

"ಕುಶಲಕ್ಕ, ಜಾಗದ ತಕರಾರಾದರೆ ಅದು ಸಿವಿಲ್. ಹಾಕಿದವರೇ ವಾಪಸ್ ತೆಗೀಬಹುದು, ಕೂತು ರಾಜಿ ಆಗಬಹುದು. ಇದು ಕ್ರಿಮಿನಲ್. ಜೀವ ಹೋದ ಕೇಸು ಸರಕಾರದ್ದು. ನೀವು ಸಾಕ್ಷಿ ಮಾತ್ರ."

"ಹೋದದ್ದು ನನ್ನ ಗಂಡ, ಮೇಡಂ. ಸರಕಾರಕ್ಕೆ ಎಂತ ಹೋಗಿದೆ?"

ಠಾಣೆಯ ಕಾಗದವೊಂದರಿಂದಲೇ ಶಿಕ್ಷೆ ಆಗುವುದಿಲ್ಲ, ಕಟಕಟೆಯಲ್ಲಿ ಪ್ರಮಾಣ ಮಾಡಿ ಹೇಳಿದ್ದು ಮುಖ್ಯ, ಕಂಡದ್ದನ್ನು ಕಂಡಷ್ಟೇ ಹೇಳಿ ಎಂದರು ಒಲಿವಿಯಾ.

ಶ್ರವಣ್ ಆ ಕಾಗದವನ್ನು ಮೊದಲೇ ಓದಿದ್ದ. ಅಮ್ಮನನ್ನು ಏನೂ ಕೇಳಿರಲಿಲ್ಲ. ಬಡಿಸಿದ್ದನ್ನು ಉಣ್ಣುವುದು, ತಟ್ಟೆ ತೊಳೆಯುವುದು, ಒಳಗೆ ಹೋಗುವುದು, ಅಷ್ಟೇ. ಬೇಗ ಎಂದರೆ ಹೊತ್ತಿಗೆ ಮುಂಚೆ ಎಂದು ಅವಳು ಎರಡು ಮೂರು ಸಲ ಹೇಳಲು ಹೋದಳು. ಇರಲಿ ಬಿಡು ಎಂದು ಅವನು ಎದ್ದು ಹೋದ.

ಎರಡು ವರ್ಷದ ಮೇಲೆ ಸಾಕ್ಷಿಗೆ ಕರೆದರು. ನಮ್ಮಲ್ಲಿ ಬಸ್ಸು ಬೇಗ ಬಿಟ್ಟಿತೆಂದರೆ ಹೊತ್ತಿಗೆ ಮೊದಲು ಹೊರಟಿತು ಎಂದರ್ಥ, ನಾನು ಹೇಳಿದ್ದೂ ಅದೇ ಎಂದು ಕುಶಲಾ ನಿಧಾನವಾಗಿ ಹೇಳಿದಳು. ನಂತೂರಿನಲ್ಲಿ ವೇಗ ಎಷ್ಟಿತ್ತೆಂದು ಸರಕಾರಿ ವಕೀಲರು ಕೇಳಿದರು. ತೂಕಡಿಸುತ್ತಿದ್ದೆ, ಗೊತ್ತಿಲ್ಲ ಎಂದಳು. ಅದು ನಿಜವೂ ಆಗಿತ್ತು.

ಒಲಿವಿಯಾರ ಮುಖ ಗೆಲುವಾಯಿತು. ಹೊರಗಿನ ಬೆಂಚಿನಲ್ಲಿ ಶ್ರವಣ್ ಬಂದು ಅಮ್ಮನಿಗೆ ತಾಗಿ ಕೂತ. ಎಷ್ಟೋ ದಿನಗಳ ಮೇಲೆ ಹಾಗೆ ಕೂತದ್ದು.

"ನೀನು ಹೇಳಿದ್ದು ಸರಿಯಮ್ಮ. ಅವರು ಬರೆದದ್ದೂ ಸರಿಯೇ. ಮೆಲ್ಲ ಹೋಗು ಮಾರಾಯ ಅಂತ ಅಪ್ಪ ಎರಡು ಸಲ ಹೇಳಿದ್ರು."

ಕುಶಲಾ ಅವನ ಕೈ ಹಿಡಿದುಕೊಂಡು, ಈ ಮಾತು ನಮ್ಮಿಬ್ಬರಲ್ಲೇ ಇರಲಿ ಎಂದು ಬೇಡಿದಳು. ಮುಂದಿನ ತಾರೀಕಿಗೆ ನ್ಯಾಯಾಧೀಶರು ಆರೋಪಿ ಹೇಳುವುದೇನಾದರೂ ಇದೆಯೇ ಎಂದು ಕೇಳಿದಾಗ ಅವನು ಅದನ್ನೇ ಹೇಳಿದ. ಆರು ತಿಂಗಳು ಶಿಕ್ಷೆಯಾಯಿತು.

ಮೇಲಿನ ಕೋರ್ಟಿಗೆ ಅಪೀಲು ಹಾಕಲು ಮೂವತ್ತು ದಿನ ಅವಕಾಶವಿತ್ತು. ಒಲಿವಿಯಾ ಕಾಗದ ತಯಾರಿಸಿದರು. ತಾನೇ ಸಹಿ ಹಾಕುತ್ತೇನೆಂದಳು ಕುಶಲಾ. ಶಿಕ್ಷೆಯಾದವನದೇ ಬೇಕು, ತಾಯಿಯದು ನಡೆಯುವುದಿಲ್ಲ. ಅವಳು ಜೈಲಿಗೆ ನಾಲ್ಕು ಸಲ ಹೋಗಿ ಕಾಗದವನ್ನು ಮಗನ ಮುಂದೆ ಹಿಡಿದಳು. ಹೋದಾಗಲೆಲ್ಲ ಅವನು ಊಟ ಮಾಡಿ ಬಂದೆಯಾ ಎಂದು ಕೇಳಿದ. ಪೆನ್ನು ಮುಟ್ಟಲಿಲ್ಲ.