ಟ್ರಯಲ್ ದಿನ ಜೇಬಿನಲ್ಲೇ ಉಳಿದ ಟೆಸ್ಟರ್

ಕರೆಂಟಿಗೂ ಬೀಗ ಹಾಕುತ್ತಾರೆ ಎಂದರೆ ಊರಲ್ಲಿ ಕೂತ ನೀವು ನಗುತ್ತೀರಿ. ನಾನೂ ನಕ್ಕಿದ್ದೆ. ಬೆಂಗಳೂರಿನ ಟಿ. ದಾಸರಹಳ್ಳಿಯ ರೂಮಿಗೆ ಬಂದ ಮೊದಲ ದಿನವೇ, ಅದೇ ರೂಮಿನಲ್ಲಿದ್ದು ಹತ್ತು ವರ್ಷದಿಂದ ಇಲ್ಲಿ ವೈರಿಂಗ್ ಮಾಡುತ್ತಿರುವ ಇಮ್ರಾನ್ ಭಾಯ್ ಚೀಲದಿಂದ ಹೆಬ್ಬೆರಳಿನಷ್ಟು ಕೆಂಪು ಬೀಗವೊಂದನ್ನು ತೆಗೆದು ತೋರಿಸಿದರು.

"ಮೇನ್ ಆಫ್ ಮಾಡ್ಬೇಕು, ಇದನ್ನ ಹಾಕ್ಬೇಕು, ಕೀ ನಿನ್ನ ಜೇಬಲ್ಲೇ ಇರ್ಬೇಕು. ಕೆಲಸ ಮುಗಿಯೋವರ್ಗೂ ಯಾರು ಕೇಳಿದ್ರೂ ಕೊಡ್ಬಾರ್ದು ಕಣೋ."

ರೋಣದ ಹತ್ತಿರದ ನಮ್ಮೂರಲ್ಲಿ ಮನೆಯ ಬಾಗಿಲು ಮುಂದಕ್ಕೆಳೆದು ಹೊಲಕ್ಕೆ ಹೋಗುವ ಜನ ನಾವು. ಇದೆಂಥ ಊರಪ್ಪಾ ಅನಿಸಿತು.

ಐಟಿಐ ಎಲೆಕ್ಟ್ರಿಷಿಯನ್ ಪಾಸಾಗಿ ನನಗೆ ಎರಡು ತಿಂಗಳಾಗಿತ್ತು. ಆದರೆ ನನ್ನ ಖರೆ ಸಾಲಿ ಕಾಕಾನ ಮೋಟರ್ ರಿಪೇರಿ ಅಂಗಡಿ. ಕಾಕಾ ಅಂದರೆ ಅಪ್ಪನ ತಮ್ಮ, ನನ್ನ ಕೈಗೆ ಮೊದಲು ಪಕ್ಕಡ್, ಅಂದರೆ ಇಕ್ಕಳ, ಕೊಟ್ಟವನು. ಸ್ಟಾರ್ಟರ್ ಪೆಟ್ಟಿಗೆಯ ಹತ್ತಿರ ನಿಂತು ಅವನು "ಲೈನ್ ತಗದೇನಿ, ಹಿಡಿ" ಅಂದನೆಂದರೆ, ಕರೆಂಟ್ ಬಂದ್ ಮಾಡಿದ್ದಾನೆ ಎಂದು ನಂಬಿ ನಾನು ತಂತಿ ಹಿಡಿಯುತ್ತಿದ್ದೆ. ಹಿರಿಯರು ಹಾಗೆ ಹೇಳಿದ ಮೇಲೆ ತಂತಿಯಲ್ಲಿ ಕರೆಂಟ್ ಇದೆಯೇ ಎಂದು ಟೆಸ್ಟರ್ ಹಚ್ಚಿ ನೋಡುವುದೆಂದರೆ ಅವರು ಬಡಿಸಿದ ಊಟವನ್ನು ಮೂಸಿ ನೋಡಿದಂತೆ. ನಮ್ಮ ಕಡೆ ಯಾರೂ ಮಾಡುವುದಿಲ್ಲ.

ಯಲಹಂಕದ ಪುಟ್ಟೇನಹಳ್ಳಿಯಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ನನ್ನ ಟ್ರಯಲ್. ಒಂದು ದಿನ ಕೆಲಸ ಮಾಡಿ ತೋರಿಸಬೇಕು, ಒಪ್ಪಿಗೆಯಾದರೆ ಕಾಯಂ. ಟ್ರಯಲ್‌ಗೆ ಇನ್ನೂ ಒಂದು ವಾರವಿತ್ತು. ಇಮ್ರಾನ್ ಭಾಯ್ ರೂಮಿನ ಗೋಡೆಗೆ ಪ್ಲೈವುಡ್ ಹಲಗೆ ಹೊಡೆದು ಕೊಟ್ಟರು. ಮೆಟ್ಟಿಲಿನ ಮೇಲೊಂದು ಕೆಳಗೊಂದು ಸ್ವಿಚ್, ಎರಡರಿಂದಲೂ ಒಂದೇ ದೀಪ. ಆ ವೈರಿಂಗನ್ನು ಕಟ್ಟಿ ಬಿಚ್ಚಿ ಬೆರಳೆಲ್ಲ ಸುಲಿದುಹೋದವು. ಮೂರು ಹೊತ್ತೂ ಅನ್ನ ತಿಂದು ಹೊಟ್ಟೆ ಭಾರ, ಮನಸ್ಸು ಅದಕ್ಕಿಂತ ಭಾರ. ಭಾನುವಾರ ಪಕ್ಕದ ಸಂದಿಯೊಂದರಲ್ಲಿ ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ನಡೆಸುವ ಖಾನಾವಳಿ ಸಿಕ್ಕಿತು. ಜೋಳದ ರೊಟ್ಟಿ ಮುರಿದು ಬಾಯಿಗಿಟ್ಟಾಗ ಕಣ್ಣಲ್ಲಿ ನೀರು ಬಂತು. ಚಟ್ನಿ ಖಾರ ಅಂತ ಹೇಳಿ ಜಾರಿಕೊಂಡೆ.

ದಿನವೂ ಇಮ್ರಾನ್ ಭಾಯ್ ತಮ್ಮ ಮನೆಮಾತಾದ ಉರ್ದುವಿನಲ್ಲೇ ಒಂದು ಮಾತು ಹೇಳುತ್ತಿದ್ದರು: "ದುಸ್ರೇಕಿ ಬಾತ್ ಪೊ ತಾರ್ ಕು ಹಾತ್ ನಕ್ಕೊ ಲಗಾ." ಇನ್ನೊಬ್ಬರ ಮಾತಿನ ಮೇಲೆ ತಂತಿ ಮುಟ್ಟಬೇಡ ಅಂತ. ನಾನು ತಲೆಯಾಡಿಸುತ್ತಿದ್ದೆ. ಇಷ್ಟು ಗೊತ್ತಿಲ್ಲವೇ ನನಗೆ ಎಂಬ ಸೊಕ್ಕು ಒಳಗೆ.

ಟ್ರಯಲ್ ದಿನ ಸೂಪರ್‌ವೈಸರ್ ನನ್ನ ಹೆಸರು, ಊರು ಕೇಳಿ ಮುಖ ಅರಳಿಸಿದರು. "ರೋಣದಾಂವ ಏನಪಾ? ನಂದು ಬದಾಮಿ. ಬಾ ತಮ್ಮಾ, ಚಾ ಕುಡಿ ಮೊದ್ಲ."

ನನಗೆ ಆದ ಸಂತೋಷ ಹೇಳತೀರದು. ವಾರದಿಂದ ಬಿಗಿಹಿಡಿದಿದ್ದ ಜೀವ ಸಡಿಲವಾಯಿತು. ಪೈಪು ಬಗ್ಗಿಸಿದೆ, ವೈರ್ ಎಳೆದೆ, ಮೆಟ್ಟಿಲಿನ ದೀಪ ಒಂದೇ ಸಲಕ್ಕೆ ಹತ್ತಿತು. ಅವರು ಬೆನ್ನು ಚಪ್ಪರಿಸಿದರು. ಮಧ್ಯಾಹ್ನದ ಮೇಲೆ ಇನ್ನೊಂದು ಫ್ಲ್ಯಾಟಿಗೆ ಕರೆದೊಯ್ದು, ಸುಟ್ಟುಹೋದ ಒಂದು ಸ್ವಿಚ್ ಬದಲಿಸಲು ಹೇಳಿದರು.

"ಲೈನ್ ತಗದೇನಿ ತಮ್ಮಾ, ಶುರು ಮಾಡು."

ಅದೇ ಮಾತು, ಅದೇ ಧಾಟಿ. ನನ್ನ ಕೈ ತಾನಾಗಿ ಸ್ಕ್ರೂಡ್ರೈವರಿಗೆ ಹೋಯಿತು. ಬೋರ್ಡು ಬಿಚ್ಚಿ ತಂತಿಗೆ ಕೈ ಹಾಕುವಷ್ಟರಲ್ಲಿ ಅವರು ನನ್ನ ಮಣಿಕಟ್ಟು ಹಿಡಿದರು.

"ಟೆಸ್ಟರ್ ಎಲ್ಲೈತಿ?"

"ಕಿಸೇದಾಗ ಐತ್ರಿ."

"ಯಾಕ ಹಚ್ಚಿ ನೋಡಲಿಲ್ಲ?"

"ನೀವ ತಗದೇನಿ ಅಂದ್ರಲ್ರೀ."

ಅವರು ನನ್ನ ಮಣಿಕಟ್ಟು ಬಿಟ್ಟರು. "ಖರೇನ ತಗದೇನಿ. ಆದ್ರ ಅದು ನಿನಗ ಹ್ಯಾಂಗ ಗೊತ್ತು? ನಾ ಬ್ಯಾರೆ ಸ್ವಿಚ್ ತಗದಿದ್ರ? ನಿಮ್ಮವ್ವಗ ನಾ ಏನ್ ಹೇಳ್ಲಿ?" ದನಿ ಎತ್ತಲಿಲ್ಲ. ಬೈದಿದ್ದರೆ ಚಲೋ ಇತ್ತು. ಕೆಲಸ ಕೊಡಲು ಆಗುವುದಿಲ್ಲ ಅಂದರು, ಗೇಟಿನವರೆಗೆ ಬಂದು ಕಳಿಸಿದರು.

ಹೆಬ್ಬಾಳದಲ್ಲಿ ಬಸ್ ಬದಲಿಸುವಾಗಲೂ ನಾನು ಅದನ್ನೇ ಅಂದುಕೊಳ್ಳುತ್ತಿದ್ದೆ: ಬೇರೆ ಊರಿನವರಾಗಿದ್ದರೆ ಟೆಸ್ಟರ್ ತೆಗೆಯುತ್ತಿದ್ದೆ. ನಮ್ಮವರು ಎಂಬ ಒಂದೇ ಕಾರಣಕ್ಕೆ ಕೆಟ್ಟೆ. ಇಮ್ರಾನ್ ಭಾಯ್‌ಗೆ ಹೇಳುವಾಗ ನಾಚಿಕೆಯಿಂದ ನೆಲ ನೋಡುತ್ತಿದ್ದೆ. "ಜೀವ ಉಳೀತಲ್ಲ, ಊಟ ಮಾಡು" ಅಂದರಷ್ಟೆ.

ಆಮೇಲೆ ಶೆಟ್ಟಿಹಳ್ಳಿ ಕಡೆಯ ಸಣ್ಣ ಕಾಂಟ್ರಾಕ್ಟರ್ ಒಬ್ಬರ ಹತ್ತಿರ ಹೆಲ್ಪರ್ ಆಗಿ ಸೇರಿದೆ. ದೊಡ್ಡ ಸೈಟಿನ ಕೆಲಸ ಕೈತಪ್ಪಿದ್ದು ಇವತ್ತಿಗೂ ಚುಚ್ಚುತ್ತದೆ. ಆದರೆ ಆ ದಿನದಿಂದ ಟೆಸ್ಟರ್ ಹಚ್ಚದೆ ಒಂದು ತಂತಿಯನ್ನೂ ಮುಟ್ಟಿಲ್ಲ. ಅದಕ್ಕೇ ಊರಲ್ಲಿ ಆದದ್ದನ್ನು ನಿಮಗೆ ಹೇಳಬೇಕು.

ಹೋದ ದೀಪಾವಳಿಗೆ ಊರಿಗೆ ಬಂದಾಗ ಕಾಕಾ ಬೋರಿನ ಕೆಲಸಕ್ಕೆ ಕರೆದ. ಹುರುಪಿನಿಂದ ಹೋದೆ. ಅವನು ಸ್ಟಾರ್ಟರ್ ಹತ್ತಿರ ನಿಂತು, "ಲೈನ್ ತಗದೇನಿ, ಹಿಡಿ" ಅಂದ. ನಾನು ಯೋಚಿಸಲೂ ಇಲ್ಲ. ಟೆಸ್ಟರ್ ತೆಗೆದು ಮೂರೂ ತಂತಿಗೆ ಒಂದೊಂದಾಗಿ ಹಚ್ಚಿ ನೋಡಿದೆ. ತಲೆ ಎತ್ತಿದಾಗ ಕಾಕಾ, ತಾನು ಬಡಿಸಿದ ಊಟ ಮೂಸಿದವನನ್ನು ನೋಡುವಂತೆ ನನ್ನನ್ನೇ ನೋಡುತ್ತಿದ್ದ.

"ಚಲೋ ಕಲ್ತಿ ಬಿಡು," ಅಂದ.

ಬೆಂಗಳೂರಿನ ಪದ್ಧತಿ ಹಿಂಗೈತಿ ಕಾಕಾ ಅಂತ ಹೇಳಬೇಕಿತ್ತು, ಹೇಳಲಿಲ್ಲ. ಇಬ್ಬರೂ ಕೆಲಸ ಮುಗಿಸಿದೆವು. ಮರುದಿನ ಇನ್ನೊಂದು ಹೊಲದ ಮೋಟರ್ ಎತ್ತುವುದಿತ್ತು. ನಾನು ಚಪ್ಪಲಿ ಮೆಟ್ಟಿ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದೆ. ಕಾಕಾ ನನ್ನ ಮುಂದೆಯೇ ಗಾಡಿ ಚಾಲೂ ಮಾಡಿಕೊಂಡು ಒಬ್ಬನೇ ಹೋದ.