ನನ್ನ ಶಿಕ್ಕಾ ಪೂಜೆಗೆ ಕೂತ ದಿನ

ಅಥಣಿ ಪುರಸಭೆಯಿಂದ ನನಗೆ ಇಂಜಿನಿಯರ್ ಲೈಸೆನ್ಸ್ ಬಂದ ವಾರವೇ ಒಂದು ಶಿಕ್ಕಾ ಮಾಡಿಸಿಕೊಂಡೆ. ರಬ್ಬರಿನದು, ಹೆಬ್ಬೆರಳಿಗಿಂತ ಸ್ವಲ್ಪ ಉದ್ದ. ಅದನ್ನು ನಕ್ಷೆಯ ಮೇಲೆ ಒತ್ತಿ ಸಹಿ ಹಾಕಿದರೆ, ಈ ಕಟ್ಟಡ ಬೀಳುವುದಿಲ್ಲ ಎಂದು ನಾನು ಮಾತು ಕೊಟ್ಟಂತೆ. ಬಿದ್ದರೆ ಲೈಸೆನ್ಸ್ ಹೋಗುತ್ತದೆ. ಅದಕ್ಕೂ ಮೊದಲು ಕೆಳಗಿದ್ದವರು ಹೋಗುತ್ತಾರೆ. ಇದು ನನ್ನ ತಿಳಿವಳಿಕೆ. ನಮ್ಮ ಬಳಗದ ತಿಳಿವಳಿಕೆ ಬೇರೆ. ಅವರ ಪ್ರಕಾರ ಶಿಕ್ಕಾ ಎಂದರೆ ಒರಳುಕಲ್ಲು. ಓಣಿಯಲ್ಲಿ ಒಬ್ಬರ ಮನೆಯಲ್ಲಿದ್ದರೆ ಸಾಕು, ಉಳಿದವರು ಬಂದು ಕೆಲಸ ಮುಗಿಸಿಕೊಂಡು ಹೋಗಬಹುದು.

ಮೊದಲು ಬಂದವನು ಮಾಮಾ, ಅವ್ವನ ಅಣ್ಣ. ಮಂಗಸೂಳಿಯಲ್ಲಿ ಅವನ ದ್ರಾಕ್ಷಿ ತೋಟ, ಅಥಣಿಯಲ್ಲಿ ಕಟ್ಟುತ್ತಿರುವ ಹೊಸ ಮನೆ. ಮನೆಯ ನಕ್ಷೆ ನನ್ನದೇ. ಆದರೆ ದಸರೆಯ ಹಿಂದಿನ ದಿನ, ಆಯುಧಗಳಿಗೆ ಪೂಜೆ ಮಾಡುವ ಖಂಡೇ ಪೂಜೆಯ ಬೆಳಿಗ್ಗೆ, ಅವನು ಬಸ್ಸಿಳಿದು ತಂದ ಹೊಸ ನಕ್ಷೆಯಲ್ಲಿ ಪೋರ್ಚಿನ ಮೇಲೆ ಏನೋ ಬಾತುಕೊಂಡಿತ್ತು.

"ದ್ರಾಕ್ಷಿ ಗೊಂಚಲ," ಎಂದ ಮಾಮಾ. "ಸಿಮೆಂಟಿಂದು. ಒಳಗ ನೀರಿನ ಟಾಕಿ, ಐದ ಸಾವಿರ ಲೀಟರ. ರಸ್ತಾದಾಗ ಹೋಗಾವ್ರು ಇದು ಯಾರ ಮನಿ ಅಂತ ಕೇಳಬಾರದ."

"ಗೊಂಚಲ ಕೆಳಗ ಜೋತಾಡತೈತಿ ಮಾಮಾ. ಇದು ಮ್ಯಾಲ ಕುಂತೈತಿ."

"ತಲಿಕೆಳಗ ಮಾಡೇವಿ. ಗೌಂಡಿ ತಗದ ನಕ್ಷೆ. ಗ್ವಾಡಿ ಕಟ್ಟಾಂವಗ ನಿನಗಿಂತ ಹೆಚ್ಚ ಗೊತ್ತಿರತೈತಿ. ನಾಡಿದ್ದ ಸೆಂಟ್ರಿಂಗ್ ಐತಿ, ಶಿಕ್ಕಾ ಒತ್ತ."

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗದ ಕಾಲೇಜುಗಳಲ್ಲೆಲ್ಲ ಚರ್ಚಾಸ್ಪರ್ಧೆಗೆ ಹೋಗಿ ಕಪ್ ತಂದವಳು ನಾನು. ಎದ್ದು ನಿಂತು ವಾದ ಶುರುಮಾಡಿದೆ. ಐದು ಸಾವಿರ ಲೀಟರ್ ಎಂದರೆ ಐದು ಟನ್ ನೀರು, ಸಿಮೆಂಟು ಬೇರೆ. ನಾನು ಲೆಕ್ಕ ಹಾಕದ ನಕ್ಷೆಗೆ ನಾನು ಸಹಿ ಹಾಕುವಂತಿಲ್ಲ. ಇಂಜಿನಿಯರನ ಮೊದಲ ಕರ್ತವ್ಯ ಪಬ್ಲಿಕ್ಕಿನ ಜೀವದ ಕಡೆಗೆ. ಕೆಲಸ ಕೊಟ್ಟವನು ಆಮೇಲೆ, ಅವನು ಸೋದರಮಾವನಾದರೂ.

"ಭಾರ ಎಲ್ಲಿದ ಬೇ? ಗೊಂಚಲ ಪೊಳ್ಳ ಐತಿ."

"ಆ ಪೊಳ್ಳಿನಾಗ ನೀರ ಇರತೈತಿ ಮಾಮಾ!"

"ಇರಲಿ. ಪೋರ್ಚಿನ ಕೆಳಗ ಪಬ್ಲಿಕ್ ಯಾರ ಅದಾರ? ಕುಂಡ್ರಾವ್ರು ನಾನು, ನಿಮ್ಮ ಅತ್ತಿ."

"ಅತ್ತೀನೂ ಪಬ್ಲಿಕ್."

"ಆಕೀ ಮುಂದ ಅನಬ್ಯಾಡ ಮತ್ತ."

ಅಡುಗೆಮನೆಯಿಂದ ಅವ್ವ ಕೂಗಿದಳು. "ತವರಮನ್ಯಾವ್ರು ಒಂದ ಶಿಕ್ಕಾ ಕೇಳಿದ್ರ ಇಷ್ಟ ಭಾಷಣಾ? ಒತ್ತಿ ಕೊಡ, ಸವದ ಹೋಗತೈತೇನ?"

ತೀರ್ಪುಗಾರರೂ ಎದುರು ಪಕ್ಷದವರೇ ಆದಾಗ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಸುಮ್ಮನೆ ಒಲ್ಲೆ ಅಂದರೂ ಉಪಯೋಗವಿರಲಿಲ್ಲ. ಮಾಮಾ ಗೌಂಡಿಯ ಮಾತು ನಂಬಿ ಹಾಗೆಯೇ ಕಟ್ಟಿಬಿಡುತ್ತಿದ್ದ. ಅಷ್ಟರಲ್ಲಿ ಅವನೇ ಎದ್ದ.

"ಎಲ್ಲೈತಿ ಶಿಕ್ಕಾ? ನಾನ ಒತ್ತಕೋತೀನಿ."

ಶಿಕ್ಕಾ ದೇವರ ಮುಂದಿತ್ತು. ಖಂಡೇ ಪೂಜೆಗೆ ಮನೆಯ ಕುಡುಗೋಲು, ಕತ್ತರಿ, ಸುತ್ತಿಗೆಗಳ ಜೊತೆ ಅವ್ವ ಅದನ್ನೂ ಇಟ್ಟಿದ್ದಳು. ರಬ್ಬರಿಗೆ ಯಾಕೆ ಪೂಜೆ ಎಂದು ನಾನು ಹಿಂದಿನ ಸಂಜೆ ಬಹಳ ಹೊತ್ತು ವಾದಿಸಿದ್ದೆ. "ನಿನ್ನ ಹೊಟ್ಟಿ ಅದರ ಮ್ಯಾಲನ ಐತಿಲ್ಲ?" ಎಂದು ಅವ್ವ ಒಂದೇ ಮಾತಿನಲ್ಲಿ ಮುಗಿಸಿದ್ದಳು. ಈಗ ಅದು ಮೈತುಂಬ ಅರಿಶಿನ ಕುಂಕುಮ ಬಳಿದುಕೊಂಡು, ತಲೆಗೆ ಚೆಂಡುಹೂ ಏರಿಸಿಕೊಂಡು ಕೂತಿತ್ತು. ಮಾಮಾ ಕೈ ಚಾಚಿದ.

"ಅಣ್ಣಾ!" ಅವ್ವ ಸೌಟು ಹಿಡಿದೇ ಓಡಿ ಬಂದಳು. "ಪೂಜಿಗೆ ಇಟ್ಟದ್ದ ಮುಟ್ಟತಿಯೇನ? ನಾಳೆ ಬನ್ನಿ ಕೊಡೂತನಕ ಅದು ಏಳಂಗಿಲ್ಲ!"

ಮಾಮಾನ ಕೈ ಅಲ್ಲೇ ನಿಂತಿತು. ಅವನೂ ಆ ಬೆಳಿಗ್ಗೆ ಟ್ರ್ಯಾಕ್ಟರಿಗೂ ಗಾಡಿಗೂ ಪೂಜೆ ಮಾಡಿ ನಿಲ್ಲಿಸಿ, ಅದಕ್ಕೇ ಬಸ್ಸಿಗೆ ಬಂದಿದ್ದ.

ನಾನು ತಡಮಾಡದೆ ಪಕ್ಷ ಬದಲಿಸಿದೆ. "ಹೌದ ಮಾಮಾ, ಬ್ಯಾಡ. ಪಾಪ ಹತ್ತತೈತಿ."

ಅವ್ವ ನನ್ನನ್ನು ದುರುಗುಟ್ಟಿ ನೋಡಿದಳು. "ನಿನ್ನೆ ರಬ್ಬರ ಅಂತಿದ್ದಿ?"

"ನಿನ್ನೆ ರಬ್ಬರ ಇತ್ತ. ಇವತ್ತ ಖಂಡೆ ಐತಿ."

ಮಾಮಾ ಚಹಕ್ಕೆ ಕೂತ. ನನ್ನ ಕೈಯಲ್ಲಿ ಒಂದು ದಿನವಿತ್ತು, ವಾದಗಳೆಲ್ಲ ಖರ್ಚಾಗಿದ್ದವು. ಆದ್ದರಿಂದ ಜೀವನದಲ್ಲಿ ಮೊದಲ ಸಲ ವಾದಿಸದೆ ಒಂದು ಪ್ರಶ್ನೆ ಕೇಳಿದೆ.

"ಮಾಮಾ, ತೋಟದಾಗ ಬಳ್ಳಿ ಹೊರೂ ಕಂಬ ಹೆಂಗ ಹಾಕ್ತಿ?"

ಅವನ ಮುಖ ಅರಳಿತು. ಕಂಬ, ತಂತಿ, ತುದಿಯ ಕಂಬವನ್ನು ಓರೆ ಎಳೆದು ಕಟ್ಟುವುದು, ಫಲ ಹೆಚ್ಚು ಬಂದ ವರ್ಷ ನಡುನಡುವೆ ಕೊಡುವ ಆಸರೆ, ಎಲ್ಲ ಹೇಳಿದ. ಎರಡನೇ ಕಪ್ಪಿಗೆ ಪಕ್ಕದ ತೋಟದವನ ಕತೆಗೆ ಬಂದ.

"ಬೆಳೀ ಬಂದ ಹೊತ್ತಿನಾಗ ಇಡೀ ಚಪ್ಪರ ನೆಲಕ್ಕ ಮಕ್ಕೊಂತ ನೋಡ! ಮತ್ತ ಏನಾಗತೈತಿ? ಖಬರಗೇಡಿ, ನೆರಳಿಗೆ ಹುಗದ ಕಂಬದ ಮ್ಯಾಲ ಫಲಾ ಹೊರಸಾಕ ಹೋದ!"

ತೊಡೆ ತಟ್ಟಿಕೊಂಡು ನಕ್ಕ. ನಾನು ನಕ್ಷೆಯನ್ನು ಅವನ ಕಡೆಗೆ ತಿರುಗಿಸಿದೆ, ಅಷ್ಟೇ. ಅವನ ನಗು ಮೆಲ್ಲಗೆ ಇಳಿಯಿತು.

"ಈ ಪೋರ್ಚಿನ ಕಂಬ..."

"ನೆರಳಿಗೆ ಹಾಕಿದ್ದ ಮಾಮಾ."

ಮಾಮಾ ನಕ್ಷೆ ನೋಡಿದ. ಅದನ್ನು ತಲೆಕೆಳಗು ಮಾಡಿಯೂ ನೋಡಿದ. ಕೊನೆಗೆ ಬಟ್ಟಲು ಕೆಳಗಿಟ್ಟ. "ಆ ಗೌಂಡಿ ಒಂದ ದಿನಾನೂ ದ್ರಾಕ್ಷಿ ಬೆಳದಿಲ್ಲ ಬಿಡ."

ಮರುದಿನ ಸಂಜೆ ಮಾಮಾ ದಸರೆಯ ಬನ್ನಿ ಎಲೆ ಕೊಡಲು ಬಂದಾಗ ನನ್ನ ನಕ್ಷೆ ಸಿದ್ಧವಿತ್ತು. ಟಾಕಿ ಮನೆಯ ಹಿಂದೆ, ತನ್ನದೇ ಬುನಾದಿಯ ನಾಲ್ಕು ಕಂಬಗಳ ಮೇಲೆ. ಪೋರ್ಚಿಗೆ ತೆಳುವಾದ ಫೈಬರಿನ ಗೊಂಚಲು; ಒಳಗೆ ನೀರಿಲ್ಲ, ಒಂದು ಬಲ್ಬು. ಜೋತಾಡುವುದು ಕೆಳಮುಖವಾಗಿಯೇ. ಅದರ ಕೊಕ್ಕೆಗೂ ಲೆಕ್ಕ ಹಾಕಿದ್ದೆ. ಮನೆಯ ಯಜಮಾನ ನನ್ನ ಸೋದರಮಾವ ಎಂದು ಪುರಸಭೆಗೆ ಮೊದಲೇ ತಿಳಿಸುವ ಒಂದು ಚೀಟಿಯನ್ನೂ ಲಗತ್ತಿಸಿದೆ. ಕುಂಕುಮ ಅಕ್ಷರಗಳ ಸಂದಿಗೆಲ್ಲ ಇಳಿದಿದ್ದರಿಂದ ಶಿಕ್ಕಾ ಅರ್ಧ ನೀಲಿ, ಅರ್ಧ ಕೆಂಪು ಮೂಡಿತು.

ಹಬ್ಬದ ರಜೆ ಮುಗಿದ ಮೇಲೆ ಪುರಸಭೆಯ ಗುಮಾಸ್ತರು ಅದನ್ನು ಕನ್ನಡಕ ಏರಿಸಿ ನೋಡಿದರು. "ಪೂಜಾ ಆಗೈತಿ ಏನ್ರಿ ಮೇಡಂ? ಹಂಗಾರ ಈ ಮನಿ ಬೀಳಂಗಿಲ್ಲ."

"ಲೆಕ್ಕ ಹಿಂದಿನ ಹಾಳ್ಯಾಗ ಐತ್ರಿ. ಬೀಳದಿರೂದು ಅದರಿಂದ್ರಿ."

"ಎರಡೂ ಇರ್ಲಿ ಬಿಡ್ರಿ," ಎಂದು ಫೈಲಿಗೆ ಸೇರಿಸಿದರು.

ಮನೆ ಮುಗಿದು ಟಾಕಿ ತುಂಬಿಸಿದ ದಿನ ಮಾಮಾ ಪೋರ್ಚಿನ ನಡುವೆ, ಗೊಂಚಲಿನ ನೇರ ಕೆಳಗೆ, ಒಂದು ಕುರ್ಚಿ ಹಾಕಿದ. "ಶಿಕ್ಕಾ ಒತ್ತಿದಾಕಿ ನೀ. ಮದ್ಲ ನೀ ಕುಂಡ್ರ."

ಕೂತೆ. ತಲೆಯ ಮೇಲೆ ಗೊಂಚಲು ಗಾಳಿಗೆ ಕಿರ್ರ್ ಎಂದಿತು. ಕೊಕ್ಕೆಯ ಲೆಕ್ಕವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹಾಕಿದೆ, ಸರಿಯಿತ್ತು. ಮಾಮಾ ಪಕ್ಕದಲ್ಲಿ ಕೂತ. ಅತ್ತೆ ಮಾತ್ರ ಚಹದ ತಾಟು ಹಿಡಿದು ಅಂಗಳದಲ್ಲೇ, ಬಿಸಿಲಲ್ಲೇ ನಿಂತಿದ್ದಳು.

"ನೆರಳಿಗೆ ಬಾ ಅತ್ತಿ," ಎಂದೆ.

"ನೀವ ಕುಂಡ್ರರಿ," ಎಂದಳು. "ನಾ ಪಬ್ಲಿಕ್ ಅದೀನಂತ."